ಭಂಡಾರಿ ಎಂಥವನಿರಬೇಕು?

ಕಳೆದ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಬಾಗಲಕೋಟೆ ನವನಗರದ ಬ್ಯಾಂಕಿಗೆ ಹೋಗಿದ್ದೆ. ನಾನು ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಹೋಗಿ ಹೇಳುವುದು ನಿವೃತ್ತರಾದ ನಮ್ಮಂಥವರಿಗೆ ತಪ್ಪದ ಕೆಲಸ. ಸಾಲಿನಲ್ಲಿ ಹಿಂದೆ ನಿಂತಿದ್ದ ರೈತರೊಬ್ಬರು ನನ್ನ ಗುರುತು ಹಿಡಿದರು. ನಾನು ನೀರಾವರಿ ಇಲಾಖೆಯಲ್ಲಿ ಹೊಸದಾಗಿ ಸೇರಿದ್ದಾಗ ಅವರ ಊರಿನ ಅಳತೆಗೆ ಹೋಗಿದ್ದೆನಂತೆ. ಆಗ ಅವರ ಹೊಲದಲ್ಲಿ ಅರ್ಧ ಹಿನ್ನೀರಿಗೆ ಹೋಯಿತು. ಉಳಿದರ್ಧ ಈಗ ಹೋಗಲಿದೆ. ಕುಶಲ ವಿಚಾರಿಸಿದ ಮೇಲೆ ಅವರು ಕೇಳಿದ್ದು ಇದು:

“ಸಾಹೇಬ್ರ, ಎಕರೆಕ್ಕ ನಲವತ್ತು ಲಕ್ಷ ಅಂತ ಪೇಪರ್‌ನ್ಯಾಗ ಬಂದೈತಿ. ಬಂದ್ರ ಎಲ್ಲಿ ಇಡೂದು? ನನ್ನ ಮಗ ಮೊಬೈಲ್ ನೋಡಿ ಹೇಳತಾನ, ಡಾಲರ್ ಮುಳಗತೈತಂತ, ನೋಟೆಲ್ಲಾ ಬರೇ ಹಾಳಿ ಆಗತಾವಂತ, ಬಂಗಾರ ತಗೋಳೂಣು ಅಂತಾನ. ನೀವು ಓದಿದವ್ರು, ಏನಂತೀರಿ?”

ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಅಣೆಕಟ್ಟಿನ ಗೋಡೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಡಾಲರ್ ಮುಳುಗುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ತೋಚಲಿಲ್ಲ. “ವಿಚಾರ ಮಾಡಿ ಹೇಳತೀನ್ರಿ” ಎಂದು ಬಂದೆ. ಈ ಲೇಖನ ಆ ವಿಚಾರದ ಫಲ.

ಇದು ಒಬ್ಬ ರೈತನ ಪ್ರಶ್ನೆಯಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಪರಿಹಾರ ನಿಗದಿ ಮಾಡಿತು. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಿದಾಗ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ. ಮುಳುಗುವುದು ಸುಮಾರು 75 ಸಾವಿರ ಎಕರೆ. ಈ ಹಣ ಬಂದಾಗ ನಮ್ಮ ಭಾಗದ ಹಳ್ಳಿಗಳು ಹಿಂದೆಂದೂ ಕಾಣದಷ್ಟು ದುಡ್ಡನ್ನು ಕಾಣುತ್ತವೆ. ಅದೇ ಹೊತ್ತಿಗೆ ಜಗತ್ತಿನ ಹಣದ ವ್ಯವಸ್ಥೆಯೇ ಅಲುಗಾಡುತ್ತಿದೆ ಎಂಬ ಮಾತು ಎಲ್ಲೆಡೆ ಕೇಳುತ್ತಿದೆ. 10 ಗ್ರಾಂ ಬಂಗಾರದ ಬೆಲೆ 2025ರಲ್ಲಿ 1 ಲಕ್ಷ ರೂಪಾಯಿ ದಾಟಿತು. ಜನ ಹೆದರಿದ್ದಾರೆ. ಹೆದರಿದವರನ್ನು ಮೋಸ ಮಾಡುವುದು ಸುಲಭ.

ಹಿಂದಿನ ಹಂತಗಳ ಪರಿಹಾರ ಬಂದಾಗ ಏನಾಯಿತೆಂದು ನಾನು ಕಣ್ಣಾರೆ ಕಂಡಿದ್ದೇನೆ. ಮೋಟರ್ ಸೈಕಲ್ಲು ಬಂದವು, ಅದ್ದೂರಿ ಮದುವೆಗಳಾದವು, ಸೆರೆ ಅಂಗಡಿಗಳು ತುಂಬಿದವು. ತಿಂಗಳಿಗಿಷ್ಟು ಬಡ್ಡಿ ಎಂದು ಆಸೆ ತೋರಿಸಿದವರ ಕೈಗೆ ಉಳಿದದ್ದು ಹೋಯಿತು. ಮನೆಯ ಹೆಣ್ಣುಮಕ್ಕಳನ್ನು ಹೆಬ್ಬೆಟ್ಟು ಒತ್ತುವ ದಿನ ಮಾತ್ರ ಕರೆದರು. ಐದಾರು ವರ್ಷದಲ್ಲಿ ಹೊಲದ ಒಡೆಯರು ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದರು. ಹಾಗಾಗಿ ಆ ಹಿರಿಯರ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಲೋಕದ ಭಂಡಾರ

ಮೊದಲು ಡಾಲರಿನ ಕಥೆ ನೋಡೋಣ. ಎರಡನೇ ಮಹಾಯುದ್ಧ ಮುಗಿಯುವ ಮುನ್ನ, 1944ರ ಜುಲೈನಲ್ಲಿ, ಅಮೆರಿಕದ ಬ್ರೆಟನ್ ವುಡ್ಸ್ ಎಂಬಲ್ಲಿ 44 ದೇಶಗಳ ಪ್ರತಿನಿಧಿಗಳು ಸೇರಿದರು. ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಭಾರತದಿಂದ ಹೋದವರಲ್ಲಿ ಸಿ.ಡಿ. ದೇಶಮುಖ್, ಆರ್.ಕೆ. ಷಣ್ಮುಖಂ ಚೆಟ್ಟಿ ಇದ್ದರು. ಅಲ್ಲಿ ಆದ ಒಪ್ಪಂದ ಸರಳ: ಬೇರೆ ದೇಶಗಳ ನಾಣ್ಯಗಳ ಬೆಲೆ ಡಾಲರಿಗೆ ಕಟ್ಟಿರಬೇಕು, ಡಾಲರಿನ ಬೆಲೆ ಬಂಗಾರಕ್ಕೆ ಕಟ್ಟಿರಬೇಕು. 35 ಡಾಲರ್ ತಂದುಕೊಟ್ಟ ಸರ್ಕಾರಕ್ಕೆ ಅಮೆರಿಕ ಒಂದು ಔನ್ಸ್ ಬಂಗಾರ ಕೊಡಬೇಕು. ಅಂತರರಾಷ್ಟ್ರೀಯ ಹಣಕಾಸು ನಿಧಿ, ವಿಶ್ವಬ್ಯಾಂಕ್ ಹುಟ್ಟಿದ್ದೂ ಅಲ್ಲಿಯೇ. ಒಟ್ಟಿನಲ್ಲಿ ಲೋಕವು ಅಮೆರಿಕವನ್ನು ತನ್ನ ಭಂಡಾರಿಯಾಗಿ ನೇಮಿಸಿಕೊಂಡಿತು.

ಭಂಡಾರಿಯ ಖರ್ಚು ಹೆಚ್ಚಾಯಿತು. ವಿಯೆಟ್ನಾಂ ಯುದ್ಧ ನಡೆಯಿತು. ಬಂಗಾರ ಇದ್ದದ್ದಕ್ಕಿಂತ ಹೆಚ್ಚು ಡಾಲರ್ ಹೊರಗೆ ಹರಿದವು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್, ಇನ್ನು ಮೇಲೆ ಡಾಲರಿಗೆ ಬಂಗಾರ ಕೊಡುವುದಿಲ್ಲ ಎಂದು ಘೋಷಿಸಿದರು. ತಾತ್ಕಾಲಿಕ ಎಂದಿದ್ದರು. ಐವತ್ತು ವರ್ಷ ಕಳೆದರೂ ಆ ಬಾಗಿಲು ತೆರೆದಿಲ್ಲ. ಅಂದಿನಿಂದ ಡಾಲರಿನ ಹಿಂದೆ ಇರುವುದು ಬಂಗಾರವಲ್ಲ, ಅಮೆರಿಕದ ಮಾತು. ನಮ್ಮ ರೂಪಾಯಿಯ ಹಿಂದೆ ಇರುವುದೂ ಮಾತೇ. ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಮಾಡಿರುವುದು ಒಂದು ವಾಗ್ದಾನಕ್ಕೆ.

2008ರ ಸೆಪ್ಟೆಂಬರ್ 15ರಂದು ಲೇಹ್ಮನ್ ಬ್ರದರ್ಸ್ ಎಂಬ ದೊಡ್ಡ ಸಂಸ್ಥೆ ದಿವಾಳಿಯಾಯಿತು. ತೀರಿಸಲಾಗದವರಿಗೆ ಮನೆ ಸಾಲ ಕೊಟ್ಟು, ಆ ಸಾಲಪತ್ರಗಳನ್ನೇ ಗಂಟು ಕಟ್ಟಿ ಮಾರುವ ವ್ಯಾಪಾರ ಅಮೆರಿಕದಲ್ಲಿ ನಡೆದಿತ್ತು. ಆ ಗಂಟುಗಳಿಗೆ ಅತ್ಯುತ್ತಮ ದರ್ಜೆ ಎಂದು ಸರ್ಟಿಫಿಕೇಟ್ ಕೊಟ್ಟವರೂ ಇದ್ದರು. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ನೀರುಣಿಸದ ಕಾಂಕ್ರೀಟಿಗೆ ಗುಣಮಟ್ಟದ ಪ್ರಮಾಣಪತ್ರ ಕೊಟ್ಟ ಹಾಗೆ. ಕಟ್ಟಡ ಬಿತ್ತು. ಅವಶೇಷದಡಿ ಸಿಕ್ಕವರು ಹೆಚ್ಚಾಗಿ ಅದನ್ನು ಕಟ್ಟಿದವರಲ್ಲ, ಬಾಡಿಗೆಗೆ ಇದ್ದವರು.

2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಆ ದಾಳಿ ತಪ್ಪು. ಅದಕ್ಕೆ ಪ್ರತಿಯಾಗಿ ಅಮೆರಿಕ ಮತ್ತು ಯುರೋಪಿನ ದೇಶಗಳು ತಮ್ಮಲ್ಲಿದ್ದ ರಷ್ಯಾದ ಸುಮಾರು 30 ಸಾವಿರ ಕೋಟಿ ಡಾಲರ್ ಮೀಸಲು ಹಣವನ್ನು ತಡೆಹಿಡಿದವು. ಸರಿಯೋ ತಪ್ಪೋ, ಉಳಿದ ದೇಶಗಳು ಒಂದು ಪಾಠ ಕಲಿತವು: ಭಂಡಾರಿಗೆ ಸಿಟ್ಟು ಬಂದರೆ ನಮ್ಮ ಗಂಟು ನಮಗೆ ಸಿಗದು. ಆ ವರ್ಷದಿಂದ 2024ರವರೆಗೆ ಜಗತ್ತಿನ ಕೇಂದ್ರ ಬ್ಯಾಂಕುಗಳು ಸೇರಿ ಪ್ರತಿ ವರ್ಷ 1000 ಟನ್ನಿಗೂ ಹೆಚ್ಚು ಬಂಗಾರ ಕೊಂಡವು. ನಮ್ಮ ರಿಸರ್ವ್ ಬ್ಯಾಂಕ್ ಕೂಡ ಬ್ರಿಟನ್ನಿನಲ್ಲಿಟ್ಟಿದ್ದ 100 ಟನ್ ಬಂಗಾರವನ್ನು 2023-24ರಲ್ಲಿ ಮನೆಗೆ ತಂದಿತು. ಅಮೆರಿಕ ಸರ್ಕಾರದ ಸಾಲ 36 ಲಕ್ಷ ಕೋಟಿ ಡಾಲರ್ ದಾಟಿದೆ. 2025ರ ಮೇ ತಿಂಗಳಲ್ಲಿ ಮೂಡೀಸ್ ಸಂಸ್ಥೆಯೂ ಅದರ ಸಾಲದ ದರ್ಜೆಯನ್ನು ಇಳಿಸಿತು.

ಹಾಗಾದರೆ ಡಾಲರ್ ನಾಳೆ ಮುಳುಗುತ್ತದೆಯೇ? ಹಾಗೆ ಹೇಳಿ ಹೆದರಿಸುವವರನ್ನು ನಂಬಬೇಡಿ. ಇಂದಿಗೂ ಜಗತ್ತಿನ ದೇಶಗಳು ಇಟ್ಟುಕೊಂಡ ವಿದೇಶಿ ವಿನಿಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಡಾಲರಿನಲ್ಲಿದೆ. ಅದನ್ನು ಬಿಟ್ಟು ಹೋಗಲು ಅಷ್ಟೇ ದೊಡ್ಡ ಬೇರೆ ಮನೆ ಇನ್ನೂ ಕಟ್ಟಿಲ್ಲ. ಅಣೆಕಟ್ಟು ಒಂದೇ ದಿನ ಒಡೆಯುವುದು ಅಪರೂಪ. ಮೊದಲು ಜಿನುಗು ಕಾಣುತ್ತದೆ, ಅದನ್ನು ಪ್ರತಿದಿನ ಅಳೆದು ಬರೆದಿಡಬೇಕು. ಈಗ ಕಾಣುತ್ತಿರುವುದು ಜಿನುಗು. ಅದು ಭಂಡಾರಿಯ ಮೇಲಿನ ವಿಶ್ವಾಸದ ಜಿನುಗು.

ಒತ್ತೆ ಇಟ್ಟ ಬಂಗಾರ

1991ರಲ್ಲಿ ನಾನು ಸಹಾಯಕ ಇಂಜಿನಿಯರ್. ಕೊಲ್ಲಿ ಯುದ್ಧದಿಂದ ಎಣ್ಣೆಯ ಬೆಲೆ ಏರಿತ್ತು. ಎಂಬತ್ತರ ದಶಕವಿಡೀ ಸರ್ಕಾರಗಳು ಆದಾಯ ಮೀರಿ ಖರ್ಚು ಮಾಡಿದ್ದವು. ದೇಶದ ಬಳಿ ಎರಡು ಮೂರು ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ವಿದೇಶಿ ಹಣ ಉಳಿದಿತ್ತು. ಆ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಬಂಗಾರವನ್ನು ವಿಮಾನದಲ್ಲಿ ಲಂಡನ್ನಿಗೆ ಕಳುಹಿಸಿ, ಒತ್ತೆಯಿಟ್ಟು, ಸುಮಾರು 40 ಕೋಟಿ ಡಾಲರ್ ಸಾಲ ಎತ್ತಿತು. ಸುದ್ದಿ ಓದಿ ದೇಶಕ್ಕೆ ದೇಶವೇ ತಲೆ ತಗ್ಗಿಸಿತು.

ನನಗೆ ನೆನಪಾದದ್ದು ನನ್ನ ಅವ್ವನ ಬೋರಮಾಳ. ನನ್ನ ಇಂಜಿನಿಯರಿಂಗ್ ಫೀ ಕಟ್ಟಲು ಅದನ್ನು ಊರ ಸಾವಕಾರರಲ್ಲಿ ಒತ್ತೆ ಇಟ್ಟಿದ್ದರು. ಅವ್ವ ಅತ್ತಿರಲಿಲ್ಲ. “ಯಾಕ ಇಟ್ಟೀವಿ ಅನ್ನೂದು ಮನ್ಯಾಗ ಎಲ್ಲಾರಿಗೂ ಗೊತ್ತೈತಿ, ಮತ್ತ ಬಿಡಸ್ಕೋತೀವಿ” ಎಂದಿದ್ದಳು. ನಾನು ನೌಕರಿ ಸೇರಿದ ಮೂರನೇ ವರ್ಷ ಬಿಡಿಸಿಕೊಂಡೆವು. ಒತ್ತೆ ಇಡುವುದರಲ್ಲಿ ಅವಮಾನವಿಲ್ಲ. ಯಾಕೆ ಇಟ್ಟೆವೆಂದು ಮನೆಯವರಿಗೆ ಹೇಳದಿದ್ದರೆ ಅವಮಾನ.

1991ರ ನಾಯಕತ್ವ ಈ ವಿಷಯದಲ್ಲಿ ತಕ್ಕಮಟ್ಟಿಗೆ ಪಾಸಾಯಿತು. ಪ್ರಧಾನಿ ಪಿ.ವಿ. ನರಸಿಂಹ ರಾವ್ ಅವರಿಗೆ ಸಂಸತ್ತಿನಲ್ಲಿ ಬಹುಮತವೂ ಇರಲಿಲ್ಲ. ಹಣಕಾಸು ಸಚಿವ ಮನಮೋಹನ್ ಸಿಂಗ್ ಜುಲೈ 24ರ ಬಜೆಟ್ಟಿನಲ್ಲಿ ದೇಶದ ನಿಜಸ್ಥಿತಿಯನ್ನು ಮುಚ್ಚಿಡದೆ ಸಂಸತ್ತಿನ ಮುಂದಿಟ್ಟರು. ಅವರು ಹಿಡಿದ ದಾರಿಯಲ್ಲಿ ಸಣ್ಣ ರೈತನಿಗೂ ನೇಕಾರನಿಗೂ ಪೆಟ್ಟು ಬಿದ್ದದ್ದು ನಿಜ, ಅದನ್ನು ಟೀಕಿಸುವವರ ಮಾತಿನಲ್ಲೂ ಹುರುಳಿದೆ. ಆದರೆ ಲೆಕ್ಕ ಬಚ್ಚಿಡಲಿಲ್ಲ. ಸಾಲ ತೀರಿತು. 2009ರಲ್ಲಿ ಅದೇ ಭಾರತ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಬಂಗಾರ ಕೊಂಡಿತು.

ಐಹೊಳೆಯ ಐನೂರ್ವರು

ಜಾಗತಿಕ ಹಣಕಾಸು ಎಂದರೆ ನ್ಯೂಯಾರ್ಕ್, ಲಂಡನ್ನಿನ ವಿಷಯ, ಹುನಗುಂದ ತಾಲೂಕಿಗೆ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಮಾತು. ಐಹೊಳೆಗೆ ಹೋದವರು ದುರ್ಗದ ಗುಡಿ ನೋಡುತ್ತಾರೆ, ಮೇಗುತಿಯ ಗುಡ್ಡ ಹತ್ತಿ ರವಿಕೀರ್ತಿಯ 634ರ ಶಾಸನ ನೋಡುತ್ತಾರೆ. ಅದೇ ಊರಿನ ಹೆಸರು ಹೊತ್ತ ವ್ಯಾಪಾರಿ ಸಂಘವೊಂದು ಸಮುದ್ರ ದಾಟಿ ವ್ಯವಹಾರ ನಡೆಸಿತ್ತೆಂದು ಅಲ್ಲಿ ಹೇಳುವವರು ಕಡಿಮೆ. ಅಯ್ಯಾವೊಳೆ ಐನೂರ್ವರು ಎಂಬ ಆ ಸಂಘದ ಶಾಸನಗಳು ದಕ್ಷಿಣ ಭಾರತದ ಉದ್ದಗಲಕ್ಕೂ ಸಿಗುತ್ತವೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಾರೂಸ್ ಬಳಿ ಸಿಕ್ಕ 1088ರ ತಮಿಳು ಶಾಸನವೂ ಐನೂರ್ವರದೇ.

ಚಾಲುಕ್ಯರು ಹೋದರು, ರಾಷ್ಟ್ರಕೂಟರು ಬಂದರು, ಚೋಳರು ಏರಿದರು. ರಾಜರು ಬದಲಾದರೂ ಈ ಸಂಘ ಶತಮಾನಗಳ ಕಾಲ ಉಳಿಯಿತು. ಯಾಕೆ? ಒಬ್ಬ ದೊರೆಯ ಮುದ್ರೆಯನ್ನಷ್ಟೇ ನೆಚ್ಚಿ ನಿಂತಿದ್ದರೆ ಆ ದೊರೆಯೊಂದಿಗೇ ಹೋಗುತ್ತಿತ್ತು. ಅವರಿಗೆ ತಮ್ಮದೇ ಕಟ್ಟುಪಾಡಿತ್ತು, ಅದನ್ನು ಶಾಸನಗಳು ಬಣಂಜು ಧರ್ಮ ಎನ್ನುತ್ತವೆ. ಎತ್ತಿನ ಹೇರಿಗೆ ಇಷ್ಟು, ಅಡಕೆ ಮೆಣಸಿಗೆ ಇಷ್ಟು ಎಂದು ಸಭೆ ಸೇರಿ ತಾವೇ ತೆರಿಗೆ ಹಾಕಿಕೊಂಡು ದತ್ತಿ ಬಿಡುತ್ತಿದ್ದರು. ಅದನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ದುಡಿಯುವವರಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ. ಆದರೆ ಲೆಕ್ಕವನ್ನು ಕಲ್ಲಿಗೆ ಕೆತ್ತಿ ಊರ ನಡುವೆ ನಿಲ್ಲಿಸುವವರಿಗೆ ಜನ ದೂರದಲ್ಲೂ ಸಾಲ ಕೊಡುತ್ತಾರೆ. ಇದನ್ನು ಅವರು ಅರಿತಿದ್ದರು.

ಕಲ್ಯಾಣದ ಭಂಡಾರಿ

ದುಡಿಯುವವರಿಗೆ ಸಭೆಯಲ್ಲಿ ಜಾಗ ಕೊಟ್ಟದ್ದು ಹನ್ನೆರಡನೇ ಶತಮಾನದ ಕಲ್ಯಾಣ. ಅದೂ ನಮ್ಮ ಕೂಡಲಸಂಗಮದಲ್ಲಿ ಕಲಿತು ಹೋದವರಿಂದ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಕಚೇರಿಗಳಲ್ಲಿ ಭಾವಚಿತ್ರ ಬಂತು. ಸಂತೋಷ. ಆದರೆ ಬಸವಣ್ಣನವರ ನೌಕರಿ ಏನಾಗಿತ್ತೆಂದು ನಾವು ಎಷ್ಟು ಸಲ ನೆನೆಯುತ್ತೇವೆ? ಮಂಗಳವೇಡೆಯಲ್ಲಿ ಕರಣಿಕರು, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ. ಲೆಕ್ಕ ಬರೆಯುವುದು, ಖಜಾನೆ ಕಾಯುವುದು ಅವರ ಕಾಯಕ. ಜಗತ್ತಿನಲ್ಲಿ ಧರ್ಮ ಕಟ್ಟಿದ ಎಷ್ಟು ಮಂದಿ ಹಣಕಾಸು ಇಲಾಖೆಯಿಂದ ಬಂದಿದ್ದಾರೆ?

ಅಸೂಯೆಪಟ್ಟವರು ಬಿಜ್ಜಳನಿಗೆ ಚಾಡಿ ಹೇಳಿದ ಪ್ರಸಂಗ ಪುರಾಣ, ರಗಳೆಗಳಲ್ಲಿ ಬರುತ್ತದೆ. ಅರಮನೆಯ ಹಣವನ್ನು ಬಸವಣ್ಣ ಜಂಗಮರಿಗೆ ಸುರಿಯುತ್ತಿದ್ದಾನೆ ಎಂಬ ದೂರು. ಬಿಜ್ಜಳ ಲೆಕ್ಕ ಕೇಳಿದ. ಎಣಿಸಿ ನೋಡಿದರೆ ಒಂದು ಹೊನ್ನೂ ಕಡಿಮೆ ಇರಲಿಲ್ಲ. ಇದನ್ನು ಪವಾಡವೆಂದು ಹೇಳುವವರಿದ್ದಾರೆ. ನನ್ನಂಥ ಇಂಜಿನಿಯರನಿಗೆ ಪವಾಡದ ಅಗತ್ಯ ಕಾಣುವುದಿಲ್ಲ. ಲೆಕ್ಕ ಸರಿಯಿದ್ದವನ ಲೆಕ್ಕ ಸರಿಯಾಗಿಯೇ ಇರುತ್ತದೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ. ಪ್ರಧಾನ ಸ್ಥಾನದಲ್ಲಿದ್ದವರು, ಸಾವಿರಾರು ಜನರ ಪ್ರೀತಿ ಗಳಿಸಿದವರು, ತಮ್ಮನ್ನು ಪ್ರಶ್ನಿಸಿದ್ದಕ್ಕೆ ಸಿಟ್ಟಾಗಲಿಲ್ಲ. ನನ್ನನ್ನೇ ಕೇಳುತ್ತೀರಾ, ನನ್ನ ಭಕ್ತರು ಸುಮ್ಮನಿರುವುದಿಲ್ಲ ಎನ್ನಲಿಲ್ಲ. ಭಂಡಾರದ ಬಾಗಿಲು ತೆರೆದರು.

ಇನ್ನೊಂದು ಪ್ರಸಂಗ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳದು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ತಂದಾಗ, ಬೇಕಾದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ತಾಯಿ ಗಂಡನನ್ನು ವಾಪಸು ಕಳುಹಿಸಿದರು. ವಾಲ್ ಸ್ಟ್ರೀಟಿನಲ್ಲಿ 2008ಕ್ಕೆ ಮೊದಲು ಇಂಥವರೊಬ್ಬರು ಇರಬೇಕಿತ್ತು.

ನಾಯಕನಿಗೆ ಮೂರು ಪ್ರಶ್ನೆ

ಮುಂದಿನ ಹಣಕಾಸು ವ್ಯವಸ್ಥೆ ಡಾಲರಿನದೋ, ಚೀನಾದ ಯುವಾನಿನದೋ, ಬ್ರಿಕ್ಸ್ ದೇಶಗಳದೋ, ಕಂಪ್ಯೂಟರ್ ನಾಣ್ಯದ್ದೋ ಎಂಬ ಚರ್ಚೆ ಜೋರಾಗಿದೆ. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಭಂಡಾರದ ಬೀಗ ಬದಲಾದರೆ ಸಾಲದು, ಭಂಡಾರಿ ಎಂಥವನು ಎಂಬುದು ಮೊದಲ ಪ್ರಶ್ನೆ. ದೇಶ ನಡೆಸುವವರಿಗೆ, ಯಾವ ಪಕ್ಷದವರಾದರೂ, ಮೂರು ಪ್ರಶ್ನೆ ಹಾಕೋಣ.

ಒಂದು, ಲೆಕ್ಕ ತೋರಿಸುತ್ತೀರಾ? ಪಕ್ಷಗಳಿಗೆ ಯಾರು ಎಷ್ಟು ಕೊಟ್ಟರೆಂದು ಮತದಾರನಿಗೆ ತಿಳಿಯದಂತೆ ಮಾಡಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಅಸಾಂವಿಧಾನಿಕ ಎಂದಿತು. ಯೋಜನೆ ತಂದದ್ದು ಒಂದು ಪಕ್ಷ. ಅದರಿಂದ ಹಣ ಪಡೆದದ್ದು ಹಲವು ಪಕ್ಷ.

ಎರಡು, ಅದು ಯಾರ ಹಣ ಎಂಬ ನೆನಪಿದೆಯೇ? 2016ರ ನವೆಂಬರ್ 8ರ ರಾತ್ರಿ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ನೂರಕ್ಕೆ 86ರಷ್ಟು ರದ್ದಾಯಿತು. ಇಳಕಲ್ಲಿನ ನೇಕಾರರಿಗೆ ವಾರದ ಮಜೂರಿ ಸಿಗುವುದು ನಗದಿನಲ್ಲಿ. ಸೀರೆಯ ಮೈ ಹಾಸಿನ ನೂಲಿಗೂ ಸೆರಗಿನ ರೇಷ್ಮೆಗೂ ಒಂದೊಂದೇ ಎಳೆ ಕೂಡಿಸಿ ಕೊಂಡಿ ಹಾಕುವುದು ಅಲ್ಲಿನ ಹೆಚ್ಚುಗಾರಿಕೆ. ಒಂದು ಕೊಂಡಿ ಸಡಿಲವಾದರೂ ಸೀರೆಯಲ್ಲಿ ಕಾಣುತ್ತದೆ. ನೋಟಿನ ಕೊಂಡಿ ಬಿಚ್ಚಿದಾಗ ಮಗ್ಗವೇ ನಿಂತಿತು. ರದ್ದಾದ ನೋಟುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಬ್ಯಾಂಕಿಗೆ ಮರಳಿದವೆಂದು ರಿಸರ್ವ್ ಬ್ಯಾಂಕೇ ಮುಂದೆ ಹೇಳಿತು. ಕಷ್ಟಪಟ್ಟವರಿಗೆ ಯಾರೂ ಲೆಕ್ಕ ಒಪ್ಪಿಸಲಿಲ್ಲ.

ಮೂರು, ಸಾಕು ಎನ್ನಲು ಬರುತ್ತದೆಯೇ? ಬಡವರ ಹಸಿವಿಗೆ ಅಕ್ಕಿ ಕೊಡುವುದು, ಹೆಣ್ಣುಮಕ್ಕಳ ಕೈಗೆ ಹಣ ಕೊಡುವುದು ತಪ್ಪೆಂದು ಬಸವ ಅನುಯಾಯಿ ಹೇಳಲಾರ. ಆದರೆ ದಾಸೋಹ ನಡೆಯುವುದು ಇಂದಿನ ಕಾಯಕದಿಂದ. ಮೊಮ್ಮಕ್ಕಳ ಹೆಸರಿನಲ್ಲಿ ಸಾಲ ಎತ್ತಿ ಮಾಡುವುದಕ್ಕೆ ಆ ಹೆಸರು ಸಲ್ಲದು. ಚುನಾವಣೆಗೊಂದು ಘೋಷಣೆ ಮಾಡುವ ಎಲ್ಲ ಪಕ್ಷಗಳೂ ಕಟ್ಟುವ ಕೆಲಸವನ್ನು ಮುಂದೂಡುತ್ತವೆ. ಕೃಷ್ಣಾ ಎರಡನೇ ನ್ಯಾಯಮಂಡಳಿ ತೀರ್ಪು ಕೊಟ್ಟದ್ದು 2010ರಲ್ಲಿ. ಮುಳುಗುವವರ ಪರಿಹಾರ ನಿಗದಿಯಾದದ್ದು 2025ರಲ್ಲಿ. ನಡುವಿನ 15 ವರ್ಷ ಮೂರು ಪಕ್ಷಗಳೂ ಆಳಿದವು. ಆ ರೈತರು ಇಷ್ಟು ವರ್ಷ ಹೊಲಕ್ಕೆ ಪೈಪು ಹಾಕಿಸಬೇಕೋ ಬೇಡವೋ ಎಂಬ ಗೊಂದಲದಲ್ಲೇ ಇದ್ದರು.

ಜಗತ್ತಿನ ಮಟ್ಟದಲ್ಲೂ ಇವೇ ಪ್ರಶ್ನೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ದೊಡ್ಡ ತೀರ್ಮಾನಕ್ಕೆ ನೂರಕ್ಕೆ 85 ಮತ ಬೇಕು. ಅಮೆರಿಕದ ಕೈಯಲ್ಲಿ 16ಕ್ಕಿಂತ ಹೆಚ್ಚು ಇರುವುದರಿಂದ ಅದು ಒಂದೇ ತಡೆಯಬಲ್ಲದು. ಜಗತ್ತಿನ ಜನರಲ್ಲಿ ಆರರಲ್ಲಿ ಒಬ್ಬರನ್ನು ಹೊಂದಿದ ಭಾರತದ ಪಾಲು ನೂರಕ್ಕೆ 3ನ್ನೂ ಮುಟ್ಟಿಲ್ಲ. ಇದು ಬದಲಾಗಬೇಕೆಂದು ಭಾರತ ಕೇಳುವುದು ನ್ಯಾಯ. ಕೇಳುವ ಹಕ್ಕು ಬರುವುದು ಮಾತ್ರ ನಡತೆಯಿಂದ. 2022ರಲ್ಲಿ ಶ್ರೀಲಂಕಾ ದಿವಾಳಿಯಾದಾಗ ಭಾರತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ಆ ಕೆಲಸ ನಮ್ಮ ಮಾತಿಗೆ ತೂಕ ತಂದಿತು. ಒಬ್ಬ ಯಜಮಾನನನ್ನು ಇಳಿಸಿ ಇನ್ನೊಬ್ಬನನ್ನು ಏರಿಸುವುದಕ್ಕಿಂತ, ಸಣ್ಣ ದೇಶವೂ ಕುಳಿತು ಪ್ರಶ್ನೆ ಕೇಳಬಲ್ಲ ಮಂಟಪವೊಂದನ್ನು ಕಟ್ಟುವುದು ನಮ್ಮ ನೆಲದ ಪರಂಪರೆಗೆ ಹತ್ತಿರದ ಕೆಲಸ.

ನಾನೂ ಕೈ ಎತ್ತಿದೆ

ಇಷ್ಟು ಬರೆದು ಇಲ್ಲಿಗೇ ನಿಲ್ಲಿಸಬಹುದಿತ್ತು. ದಿಲ್ಲಿಯವರನ್ನೂ ವಾಷಿಂಗ್ಟನ್ನಿನವರನ್ನೂ ಬೈಯುವುದು ಸುಲಭ. ಆದರೆ ನನ್ನದೊಂದು ತಪ್ಪನ್ನು ಹೇಳದೆ ಮುಗಿಸಿದರೆ ಈ ಲೇಖನ ಪ್ರಾಮಾಣಿಕವಾಗುವುದಿಲ್ಲ.

ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕ ಎಂದು ಒಂದಿರುತ್ತದೆ, ಎಂ.ಬಿ. ಎನ್ನುತ್ತೇವೆ. ಪುಟಗಳಿಗೆ ಅಚ್ಚಾದ ಸಂಖ್ಯೆ ಇರುತ್ತದೆ, ಹಾಳೆ ಹರಿಯುವಂತಿಲ್ಲ. ಬರೆದದ್ದನ್ನು ಅಳಿಸುವಂತಿಲ್ಲ, ತಪ್ಪಾದರೆ ಗೆರೆ ಹೊಡೆದು ಪಕ್ಕದಲ್ಲಿ ಸಹಿ ಮಾಡಬೇಕು. ಕಿರಿಯ ಇಂಜಿನಿಯರ್ ಬರೆದ ಅಳತೆಯನ್ನು ಮೇಲಿನವರು ಜಾಗಕ್ಕೆ ಹೋಗಿ ಮತ್ತೆ ಅಳೆಯಬೇಕು. ಮೂವತ್ತು ಚಿಲ್ಲರೆ ವರ್ಷ ನಾನು ಟೇಪು ಹಿಡಿದು ಅಳೆಯದೆ ಸಹಿ ಮಾಡಿದವನಲ್ಲ.

ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಪಾಲನ್ನು ಪತ್ತಿನ ಸಹಕಾರಿ ಸಂಘವೊಂದರಲ್ಲಿ ಠೇವಣಿ ಇಟ್ಟೆ. ಬಡ್ಡಿ ಬ್ಯಾಂಕಿಗಿಂತ ಹೆಚ್ಚು. ಅಧ್ಯಕ್ಷರು ನಮ್ಮವರು. ಫಲಕದ ಮೇಲೆ ಶರಣರ ಹೆಸರು, ಒಳಗೆ ಬಸವಣ್ಣನವರ ಭಾವಚಿತ್ರ, ದಿನವೂ ವಿಭೂತಿ, ಹೂವು. ಪ್ರತಿ ವರ್ಷ ಸಾಮಾನ್ಯ ಸಭೆಗೆ ಹೋಗುತ್ತಿದ್ದೆ. ಶಾಲು ಹೊದಿಸುತ್ತಿದ್ದರು. ಲೆಕ್ಕಪತ್ರ ಓದಲಾಗಿದೆ ಎಂದು ಭಾವಿಸಿ ಮಂಜೂರು ಮಾಡಬೇಕು ಎನ್ನುತ್ತಿದ್ದರು. ಎಲ್ಲರೂ ಕೈ ಎತ್ತುತ್ತಿದ್ದರು. ನಾನೂ ಎತ್ತುತ್ತಿದ್ದೆ. ಆಮೇಲೆ ಹುಗ್ಗಿ ಊಟ. ಒಂದು ವರ್ಷ ನಿವೃತ್ತ ಶಿಕ್ಷಕಿಯೊಬ್ಬರು ಎದ್ದು ನಿಂತು, ವಸೂಲಾಗದ ಸಾಲ ಎಷ್ಟು, ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ಹಿಂದಿನಿಂದ ಯಾರೋ “ಕುಂದ್ರವಾ, ಊಟಕ್ಕ ಹೊತ್ತಾತು” ಎಂದರು. ನಕ್ಕವರಲ್ಲಿ ನಾನೂ ಇದ್ದೆ.

ಎರಡು ವರ್ಷದ ನಂತರ ಸಂಘದ ಬಾಗಿಲು ಮುಚ್ಚಿತು. ಸಾಲ ಹೋದದ್ದು ಆಡಳಿತ ಮಂಡಳಿಯವರ ಬಂಧುಬಳಗಕ್ಕೆ. ನನಗೆ ಪಿಂಚಣಿ ಇದೆ, ಬದುಕುತ್ತೇನೆ. ಮಗಳ ಮದುವೆಗೆಂದು ಇಟ್ಟ ನೇಕಾರರು, ಗಂಡ ತೀರಿದ ಮೇಲೆ ಬಂದ ವಿಮೆ ಹಣ ಇಟ್ಟ ತಾಯಂದಿರು ಇಂದಿಗೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಆ ಶಿಕ್ಷಕಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಚಹಾ ಕೊಟ್ಟರು, ಏನೂ ಅನ್ನಲಿಲ್ಲ.

ಹತ್ತು ಮೀಟರ್ ಕಾಲುವೆಯನ್ನು ಅಳೆಯದೆ ಒಪ್ಪದವನು ಕೋಟಿಗಟ್ಟಲೆ ಲೆಕ್ಕವನ್ನು ಓದದೆ ಒಪ್ಪಿದೆ. ಕಾರಣ ಒಂದೇ: ನಮ್ಮವರು ಎಂಬ ಭಾವ. ಬಸವಣ್ಣನವರು ಬಿಜ್ಜಳನಿಗೆ ತೆರೆದು ತೋರಿಸಿದ ಭಂಡಾರವನ್ನು ನಾವು ಬಸವಣ್ಣನವರ ಫೋಟೊ ಹಾಕಿ ಮುಚ್ಚಿಟ್ಟೆವು. ಇಂಥ ಮಂದಿ ದೇಶದ ನಾಯಕರಿಂದ ಲೆಕ್ಕ ಕೇಳಲು ಯಾವ ಬಾಯಿಂದ ಹೋಗುವುದು?

ಮಠದಿಂದ ಶುರುವಾಗಲಿ

ಇಳಕಲ್ಲಿನ ಚಿತ್ತರಗಿ ಪೀಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋದರು. ಕಾಳು, ಕಾಸು ಕೇಳಲಿಲ್ಲ. ನಿಮ್ಮ ಕುಡಿತ, ತಂಬಾಕು, ದುಶ್ಚಟ ಇದರಲ್ಲಿ ಹಾಕಿ ಎಂದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರವೇ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಪರಿಹಾರದ ಹಣ ಬರುವ ಮುನ್ನ ನಮ್ಮ ಮಠಾಧೀಶರು ಇನ್ನೊಮ್ಮೆ ಆ ಜೋಳಿಗೆ ಹಿಡಿಯಲಿ ಎಂಬುದು ನನ್ನ ವಿನಂತಿ. ಓದದೆ ಕೈ ಎತ್ತುವ ಚಟವನ್ನು ಅದರಲ್ಲಿ ಹಾಕಿಸಿಕೊಳ್ಳಲಿ. ಮೊದಲು ಹಾಕುವವನು ನಾನೇ.

ಅದರ ಜೊತೆಗೆ ಮೂರು ಕೆಲಸ ಆಗಬೇಕು. ಪ್ರತಿ ಮಠ ತನ್ನ ವರ್ಷದ ಜಮಾ-ಖರ್ಚನ್ನು ಜಾತ್ರೆಯ ದಿನ ದಾಸೋಹ ಮನೆಯ ಗೋಡೆಗೆ, ಎಲ್ಲರೂ ಓದುವ ದಪ್ಪಕ್ಷರದಲ್ಲಿ ಹಚ್ಚಲಿ. ಕೆಲವು ಮಠಗಳು ಈಗಾಗಲೇ ಲೆಕ್ಕ ಅಚ್ಚುಕಟ್ಟಾಗಿ ಇಟ್ಟಿವೆ. ತೋರಿಸುವುದೊಂದೇ ಬಾಕಿ. ಎರಡನೆಯದು, ಶರಣರ ಹೆಸರಿಟ್ಟುಕೊಂಡ ಸಹಕಾರಿಗಳು ಆಡಳಿತ ಮಂಡಳಿಯವರಿಗೂ ಅವರ ಬಂಧುಗಳಿಗೂ ಕೊಟ್ಟ ಸಾಲದ ಪಟ್ಟಿಯನ್ನು ಸಭೆಯಲ್ಲಿ ಓದಲಿ. ಓದದವರು ಆ ಹೆಸರು ಬಿಡಲಿ. 1905ರಲ್ಲಿ ಗದಗದ ಬಳಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲೊಂದನ್ನು ಕಟ್ಟಿದ ನಾಡು ಇದು. ಸಹಕಾರ ತತ್ವದಲ್ಲಿ ದೋಷವಿಲ್ಲ, ದೋಷ ನಮ್ಮ ಮೌನದಲ್ಲಿದೆ. ಮೂರನೆಯದು, ಪರಿಹಾರದ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರುವಂತೆ, ಹಣ ತೆಗೆಯಲು ಇಬ್ಬರ ಸಹಿಯೂ ಬೇಕಾಗುವಂತೆ ಪ್ರತಿ ಊರಿನ ಬಸವ ಬಳಗ ನೋಡಿಕೊಳ್ಳಲಿ. ಹೆಚ್ಚು ತಂದ ಅಕ್ಕಿಯನ್ನು ವಾಪಸು ಕಳುಹಿಸಿದ್ದು ಲಕ್ಕಮ್ಮ, ಮಾರಯ್ಯನಲ್ಲ.

ಇನ್ನು ಆ ಹಿರಿಯರಿಗೆ ನಾನು ಹೇಳಿದ ಉತ್ತರ. ಹೋದ ವಾರ ಅವರ ಊರಿಗೇ ಹೋಗಿದ್ದೆ. ಕಟ್ಟೆಯ ಮೇಲೆ ಅವರ ಮಗ, ಮನೆಯವರೂ ಬಂದು ಕುಳಿತರು. ಹೇಳಿದೆ: “ಡಾಲರ್ ಚಿಂತಿ ಬಿಡ್ರಿ. ಮೊದಲ ಬಡ್ಡಿ ಸಾಲ ತೀರಸ್ರಿ. ಆದಷ್ಟು ಹೊಲಕ್ಕ ಹೊಲ ಮಾಡ್ರಿ. ಉಳದದ್ದು ಒಂದ ಕಡೆ ಇಡಬ್ಯಾಡ್ರಿ. ಬ್ಯಾಂಕಿನ್ಯಾಗ ಒಬ್ಬರ ಹೆಸರಿಗೆ 5 ಲಕ್ಷದ ತನಕ ಠೇವಣಿ ವಿಮಾ ಇರತೈತಿ, ಸಹಕಾರಿ ಬ್ಯಾಂಕಿಗೂ ಐತಿ. ಪತ್ತಿನ ಸಂಘ, ಸೌಹಾರ್ದಕ್ಕ ಆ ವಿಮಾ ಇಲ್ಲ. ಬಂಗಾರ ಸ್ವಲ್ಪ ಇರಲಿ, ಎಲ್ಲಾ ಬಂಗಾರ ಬ್ಯಾಡ. ಹೆಚ್ಚು ಬಡ್ಡಿ ಅಂದವರಿಗೆ, ಅಷ್ಟು ಬಡ್ಡಿ ನೀವು ಎಲ್ಲಿಂದ ತರತೀರಿ ಅಂತ ಕೇಳ್ರಿ.”

ಹಿರಿಯರು ತಲೆಯಾಡಿಸಿದರು. ಅವರ ಮನೆಯವರು ಅಷ್ಟು ಹೊತ್ತು ಸುಮ್ಮನಿದ್ದವರು ಒಂದೇ ಮಾತು ಕೇಳಿದರು: “ನಮ್ಮೂರ ಸಂಘದ್ದು ಮುಂದಿನ ತಿಂಗಳ ಸಭಾ ಐತ್ರಿ. ನಾನೂ ಸದಸ್ಯೆ ಅದೀನಿ. ನಾ ಎದ್ದು ನಿಂತು ಲೆಕ್ಕ ಕೇಳಬಹುದೇನ್ರಿ?”

ಕೇಳಬಹುದು ತಾಯಿ. ಆ ಸಭೆಗೆ ನಾನೂ ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ. ಈ ಸಲ ಯಾರಾದರೂ ಊಟಕ್ಕೆ ಹೊತ್ತಾಯಿತು ಎಂದರೆ, ಊಟ ತಣ್ಣಗಾದರೂ ಚಿಂತೆಯಿಲ್ಲ, ಮೊದಲು ಲೆಕ್ಕ ಓದಿ ಎನ್ನುತ್ತೇನೆ. ಓದುಗ ಶರಣ ಬಂಧುಗಳೂ ತಮ್ಮ ತಮ್ಮ ಊರಿನ ಸಭೆಯಲ್ಲಿ ಹೀಗೆ ಎದ್ದು ನಿಲ್ಲಬೇಕೆಂದು ಕೋರುತ್ತೇನೆ.